ಒತಿಲಿಯಾಳ ಮಡಕೆಗಳು

ವೆನಾಚಿ ನದಿಯ ಎರಡೂ ದಂಡೆಯ ಪಿಯರ್ ಹಣ್ಣಿನ ತೋಟಗಳಲ್ಲಿ ಒತಿಲಿಯಾ ಬರಾಹಾಸ್ ಎಂದು ಹೆಸರು ಹೇಳಿ ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಕೋಲಮ್ಮ ಎಂದರೆ ಸಾಕು, ಟ್ರ್ಯಾಕ್ಟರ್ ನಿಲ್ಲಿಸಿ ಕೈ ತೋರಿಸುತ್ತಾರೆ: ಅಗೋ, ಆ ಸಾಲಿನಲ್ಲಿ, ದೊಡ್ಡ ಹುಲ್ಲಿನ ಟೋಪಿ. ಐವತ್ತೆಂಟು ವರ್ಷದ, ಕುಳ್ಳಗಿನ, ಬಲಗಾಲನ್ನು ಸ್ವಲ್ಪ ಎಳೆದು ಹಾಕುವ ಹೆಂಗಸು. ಒಂದು ಕೈಯಲ್ಲಿ ರಬ್ಬರ್ ಕೊಳವೆ ಸುತ್ತಿದ ಕೋಲು, ಇನ್ನೊಂದರಲ್ಲಿ ಮರದ ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆ. ಕೊಂಬೆಯ ಕೆಳಗೆ ಬಟ್ಟೆ ಹಿಡಿದು ಕೋಲಿನಿಂದ ಮೂರು ಏಟು ಹಾಕುತ್ತಾಳೆ, ಉದುರಿದ ಹುಳಗಳನ್ನು ಎಣಿಸುತ್ತಾಳೆ, ಮುಂದಿನ ಮರಕ್ಕೆ ಹೋಗುತ್ತಾಳೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಮರಕ್ಕೆ ಹೊಡೆದು ಸಂಬಳ ತೆಗೆದುಕೊಳ್ಳುವವಳು ಎಂದು ಕೊಯ್ಲಿನವರು ತಮಾಷೆ ಮಾಡುತ್ತಾರೆ. ಅವಳೇನು ಬಿಡುವವಳಲ್ಲ. "ಮರಕ್ಕೆ ಸಾಕಾಯ್ತು, ಈಗ ನಿನ್ನ ಬೆನ್ನು ಕೊಡು" ಎನ್ನುತ್ತಾಳೆ.

ಹತ್ತೊಂಬತ್ತನೆಯ ವಯಸ್ಸಿಗೆ ದಕ್ಷಿಣದ ಗಡಿಯಾಚೆಯ ಮಿಚೋಆಕಾನ್‌ನಿಂದ ಅಣ್ಣನ ಹಿಂದೆ ಬಂದವಳು. ಒಂದು ಕೊಯ್ಲು ಮುಗಿಸಿ ಹಿಂತಿರುಗುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದಳು. ಆ ಕೊಯ್ಲು ಇನ್ನೂ ಮುಗಿದಿಲ್ಲ. ಮೊದಲ ಇಪ್ಪತ್ತೈದು ವರ್ಷ ಏಣಿಯ ಮೇಲೆಯೇ ಕಳೆಯಿತು. ಆ ಏಣಿಯನ್ನಾಗಲೀ ಎದೆಗೆ ಜೋತುಬಿದ್ದ ಹಣ್ಣಿನ ಚೀಲವನ್ನಾಗಲೀ ಅವಳು ಬೈದದ್ದಿಲ್ಲ. ಅವಳಿಗೆ ಆಗಿಬರದಿದ್ದದ್ದು ಅಂಟು. ಪಿಯರ್ ಮರಕ್ಕೆ ಅಂಟುಹುಳ ಎಂಬ ಒಂದು ಪೀಡೆ ಇದೆ. ಎಲೆಯ ರಸ ಹೀರಿ ಹಿಂದಿನಿಂದ ಸಿಹಿ ಅಂಟು ಸುರಿಸುತ್ತದೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ. ಹಣ್ಣಿಗೆ ಕಲೆ ಬಿದ್ದರೆ ಮಾಲೀಕನ ಗೋಳು. ಕೀಳುವವರ ಗೋಳನ್ನು ಕೇಳುವವರು ಯಾರು? ಮಧ್ಯಾಹ್ನ ಊಟಕ್ಕೆ ಕೂತರೆ ತೊರ್ತಿಯಾ ರೊಟ್ಟಿ ಬೆರಳು ಬಿಡುತ್ತಿರಲಿಲ್ಲ. ಮನೆಗೆ ಹೋಗಿ ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿದರೂ ಉಗುರಿನ ಸಂದಿ ಕಪ್ಪಾಗಿಯೇ ಇರುತ್ತಿತ್ತು.

ಮಗಳು ಮಾರಿಸೆಲಾಳ ಜ್ಞಾನಸ್ನಾನ ನಡೆದದ್ದು ಕೊಯ್ಲಿನ ನಡುವಿನ ಒಂದು ಭಾನುವಾರ. ಆ ದಿನದ ಫೋಟೋ ಇವತ್ತಿಗೂ ಅವಳ ಅಡುಗೆಮನೆಯ ಗೋಡೆಯ ಮೇಲಿದೆ. ಒತಿಲಿಯಾ ಎರಡೂ ಕೈಗಳನ್ನು ಶಾಲಿನೊಳಗೆ ಮುಚ್ಚಿಕೊಂಡು ನಿಂತಿದ್ದಾಳೆ. ಮಗುವನ್ನು ಎತ್ತಿಕೊಂಡಿರುವವನು ಧರ್ಮಪಿತ ಎಲಾದಿಯೊ. ಮಗುವಿನ ಬಿಳಿ ಉಡುಪಿನ ಮೇಲೆ ಅವನ ಐದು ಬೆರಳೂ ಅಚ್ಚಾಗಿ ಬಿದ್ದಿವೆ. ನೋಡಿದವರೆಲ್ಲ ನಗುತ್ತಾರೆ. ಒತಿಲಿಯಾ ಮಾತ್ರ ಆ ಫೋಟೋ ನೋಡಿ ಒಮ್ಮೆಯೂ ನಕ್ಕಿಲ್ಲ.

ಮಗುವನ್ನು ಎತ್ತಿಕೊಂಡ ದಿನದಿಂದ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ, ಅಂದರೆ ಮಗುವಿನ ಜೊತೆಯಪ್ಪ, ಜೊತೆಯಮ್ಮ. 'ನೀನು' ಎಂದು ಕರೆಯುವುದೆಲ್ಲ ಅಂದಿಗೇ ಮುಗಿಯಿತು. ಬೈಯುವಾಗಲೂ ಬಹುವಚನದಲ್ಲೇ ಬೈಯಬೇಕು. ಎಲಾದಿಯೊ ಈಗ ಆಳುಗಳ ಮೇಸ್ತ್ರಿ, ಆದ್ದರಿಂದ ಅವಳಿಗೆ ಅವನನ್ನು ಬೈಯುವ ಅವಕಾಶ ದಿನಕ್ಕೆ ಎರಡು ಸಲವಾದರೂ ಸಿಗುತ್ತದೆ.

ಆ ಕಾಲದಲ್ಲಿ ಅಂಟುಹುಳ ಕಂಡರೆ ಔಷಧಿ ಹೊಡೆಯುವುದೊಂದೇ ದಾರಿ. ವಿಷಕ್ಕೆ ಔಷಧಿ ಎಂದು ಹೆಸರಿಟ್ಟವನು ಯಾರೋ, ಪುಣ್ಯಾತ್ಮ. ಹೊಡೆದ ಮರುದಿನ ತೋಟ ಗುಡಿಸಿ ಸಾರಿಸಿದಂತೆ ಇರುತ್ತಿತ್ತು. ಮೂರು ವಾರ ಕಳೆಯುವುದರೊಳಗೆ ಅಂಟುಹುಳ ದುಪ್ಪಟ್ಟಾಗಿ ಬರುತ್ತಿತ್ತು. ಮತ್ತೆ ಹೊಡೆಯುವುದು, ಮತ್ತೆ ಬರುವುದು. ಯಾಕೆ ಹೀಗೆ ಎಂದು ಅವಳಿಗೆ ತಿಳಿದದ್ದು ಸೊಂಟಕ್ಕೆ ಪೆಟ್ಟಾದ ಮೇಲೆ. ಏಣಿಯಿಂದ ಬಿದ್ದು ಮೂರು ತಿಂಗಳು ಮಲಗಿ ಎದ್ದವಳಿಗೆ ತೋಟದ ಮಾಲೀಕ ಆರ್ವಿಡ್ ಸ್ಟೆನರ್‌ಸನ್ ಹುಳ ಎಣಿಸುವ ಕೆಲಸ ಕೊಟ್ಟ. ದಯೆಯಿಂದ ಕೊಟ್ಟೆನೆಂದು ತೋರಿಸಿಕೊಂಡರೆ ಅವನ ಮರ್ಯಾದೆ ಏನಾಗಬೇಕು? "ಸುಮ್ನೆ ಕೂತು ಏನ್ಮಾಡ್ತೀಯ, ಹೋಗಿ ಹುಳ ಎಣಿಸು" ಎಂದು ಗದರಿ ಕಳಿಸಿದ.

ಅದೇ ವರ್ಷ ಸಂಶೋಧನಾ ಕೇಂದ್ರದಿಂದ ಬಂದಿದ್ದ ಒಬ್ಬಾಕೆ ಅವಳ ಕೊರಳಿಗೆ ಒಂದು ಭೂತಕನ್ನಡಿ ತೂಗುಹಾಕಿ ಎಲೆಯ ಹಿಂಬದಿ ತೋರಿಸಿದಳು. ಅಂಟುಹುಳದ ಮರಿಯೊಂದು ಉಬ್ಬಿ, ಕಂದುಬಣ್ಣಕ್ಕೆ ತಿರುಗಿ, ಎಲೆಗೆ ಕಚ್ಚಿಕೊಂಡು ಸತ್ತಿತ್ತು. ಅದರೊಳಗೆ ಬೇರೆಯದೇ ಒಂದು ಜೀವ ಬೆಳೆಯುತ್ತಿತ್ತು. ರಾಗಿಕಾಳಿಗಿಂತ ಚಿಕ್ಕ ಕಣಜ. ಮನುಷ್ಯರನ್ನು ಕಚ್ಚುವುದಿಲ್ಲ, ಹುಡುಕದೆ ಕಣ್ಣಿಗೆ ಬೀಳುವುದೂ ಇಲ್ಲ. ತಾಯಿಕಣಜ ಅಂಟುಹುಳದ ಎಳೆಮರಿಯೊಳಗೆ ಮೊಟ್ಟೆ ಚುಚ್ಚಿ ಹೋಗುತ್ತದೆ. ಮೊಟ್ಟೆಯೊಡೆದದ್ದು ಆ ಮರಿಯನ್ನು ಒಳಗಿನಿಂದಲೇ ತಿಂದು, ಅದರ ತೊಗಲನ್ನೇ ಮನೆ ಮಾಡಿಕೊಂಡು ಮಲಗಿ, ಕೊನೆಗೆ ಬೆನ್ನಿನಲ್ಲಿ ದುಂಡಗೆ ತೂತು ಕೊರೆದು ಹೊರಗೆ ಬರುತ್ತದೆ. ಆ ಉಬ್ಬಿದ ಕಂದು ತೊಗಲು ನೋಡಿದೊಡನೆ ಒತಿಲಿಯಾಗೆ ತಾಯಿ ಹುರುಳಿಕಾಯಿ ಬೀಜ ಬೇಯಿಸುತ್ತಿದ್ದ ಮಣ್ಣಿನ ಮಡಕೆ ನೆನಪಾಯಿತು. ಅಂದಿನಿಂದ ಅವಳ ಬಾಯಲ್ಲಿ ಅವು ಮಡಕೆಗಳು.

ಔಷಧಿ ಹೊಡೆದ ಮರುಬೆಳಗ್ಗೆ ಬಟ್ಟೆ ಹಿಡಿದಾಗ ಅವಳಿಗೆ ಎಲ್ಲ ಅರ್ಥವಾಯಿತು. ಅಂಟುಹುಳ ಸತ್ತು ಬಿದ್ದಿತ್ತು, ಜೊತೆಗೆ ಕಣಜವೂ ಸತ್ತು ಬಿದ್ದಿತ್ತು. ಆದರೆ ಅಂಟುಹುಳಕ್ಕೆ ಅಕ್ಕಪಕ್ಕದ ತೋಟಗಳಿಂದ ಹಾರಿಬರುವ ನೆಂಟರು ಸಾವಿರ. ಕಣಜಕ್ಕೆ ಯಾರಿದ್ದಾರೆ? ಮಡಕೆಯೊಳಗಿದ್ದವಾದರೂ ಉಳಿದಾವು ಎಂದು ಆಸೆಪಟ್ಟು ಕಾದಳು. ಅವು ಕೊರೆದುಕೊಂಡು ಬರಬೇಕಾದ ತೊಗಲಿಗೇ ಔಷಧಿ ಅಂಟಿತ್ತು. ತೂತಿನಿಂದ ಅರ್ಧ ಮೈ ಹೊರಗೆ ಚಾಚಿ ಹಾಗೆಯೇ ಸತ್ತುಹೋದ ಕಣಜಗಳನ್ನು ಅವಳು ಒಂದಿಡೀ ಮಧ್ಯಾಹ್ನ ನೋಡಿದಳು. ಬದುಕಿ ಹೊರಬಂದ ನಾಲ್ಕಾರು ಎಲೆಯ ಮೇಲೆ ದಿಕ್ಕೆಟ್ಟು ಸುತ್ತುತ್ತಿದ್ದವು, ಮರಿಯ ಪಕ್ಕದಲ್ಲೇ ಹಾದುಹೋದರೂ ಮೊಟ್ಟೆ ಇಡುತ್ತಿರಲಿಲ್ಲ. ಒತಿಲಿಯಾಗೆ ಮೈಯೆಲ್ಲ ಉರಿಯಿತು. ಬಿಟ್ಟಿ ದುಡಿಯುವ ಆಳುಗಳನ್ನು ವರ್ಷವರ್ಷವೂ ನಾವೇ ಕೊಂದು, ಆಮೇಲೆ ಅಂಟು ಅಂಟು ಎಂದು ಅಳುತ್ತಿದ್ದೇವಲ್ಲ!

ಇದನ್ನು ಆರ್ವಿಡ್‌ಗೆ ಹನ್ನೊಂದು ವರ್ಷ ಹೇಳಿದಳು. ಅವನು ತಾತನ ಕಾಲದಿಂದ ತೋಟ ಮಾಡಿದವನು, ಎಪ್ಪತ್ತೊಂದರ ಹರೆಯ, ಕೋಪ ಮೂಗಿನ ತುದಿಯಲ್ಲಿ. ಹನ್ನೊಂದು ವರ್ಷ "ನೋಡೋಣ" ಎಂದ. ಹನ್ನೆರಡನೆಯ ವರ್ಷ, ಅವಳ ಬಾಯಿಗೆ ಸೋತೋ ಏನೋ, ನದಿಯ ಪಕ್ಕದ ಹತ್ತು ಎಕರೆ ಬಿಟ್ಟುಕೊಟ್ಟ. ಅಲ್ಲಿ ಬಲವಾದ ಔಷಧಿ ಹೊಡೆಯುವಂತಿಲ್ಲ, ಮೇಲಿನ ತೋಟಕ್ಕೆ ಯಥಾಪ್ರಕಾರ. ಮೊದಲ ವರ್ಷ ನದಿ ತೋಟದ ಹಣ್ಣು ಮೇಲಿನದಕ್ಕಿಂತ ಹೊಲಸಾಯಿತು. ಎರಡನೆಯ ವರ್ಷ ಎರಡೂ ಒಂದೇ ತರಹ. ಇದು ಮೂರನೆಯ ವರ್ಷ, ಕಡೆಯ ವರ್ಷ ಎಂದು ಮಾತಾಗಿತ್ತು.

ಜುಲೈ ಮಧ್ಯದ ಒಂದು ಗುರುವಾರ ಬೆಳಗ್ಗೆ ಆರ್ವಿಡ್ ತನ್ನ ಪಿಕಪ್ ಗಾಡಿಯನ್ನು ನದಿ ತೋಟದ ಬಾಯಿಗೆ ಅಡ್ಡ ನಿಲ್ಲಿಸಿ ಇಳಿದ. ಕೈಯಲ್ಲಿ ಒಂದು ಎಲೆ. ಒತಿಲಿಯಾ ಎಂಬ ಹೆಸರು ಅವನ ಬಾಯಲ್ಲಿ ಮೊದಲಿನಿಂದಲೂ ಟಿಲ್ಲಿ.

"ಟಿಲ್ಲಿ, ಇದೇನು?"

ಎಲೆ ಹೊಳೆಯುತ್ತಿತ್ತು. ಒತಿಲಿಯಾ ಮುಟ್ಟಿ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ.

"ಅಂಟು."

"ಪ್ಯಾಕಿಂಗ್ ಹೌಸಿನ ಸಲಹೆಗಾರ ನಿನ್ನೆ ಬಂದಿದ್ದ. ಇನ್ನೂ ಕಾದ್ರೆ ಹಣ್ಣು ಅಗ್ಗಕ್ಕೆ ಜ್ಯೂಸಿಗೇ ಹೋಗತ್ತೆ ಅಂದ. ನಾನೂ ಮುದುಕ ಆದೆ, ನನಗಿನ್ನು ಪರೀಕ್ಷೆ ಬರೆಯೋ ವಯಸ್ಸಲ್ಲ."

"ಕಣಜ ಕೆಲಸ ಮಾಡ್ತಿದೆ, ಸ್ವಲ್ಪ ತಡೀರಿ."

"ತೋರ್ಸು ಹಾಗಾದ್ರೆ. ಹತ್ತು ಮರಿ ನೋಡಿದ್ರೆ ಮೂರಾದ್ರೂ ನಿನ್ನ ಮಡಕೆ ಆಗಿರಬೇಕು. ಭಾನುವಾರ ಚರ್ಚ್ ಮುಗಿಸಿ ಬರ್ತೀನಿ. ಮೂರಿಲ್ಲ ಅಂದ್ರೆ ಸೋಮವಾರ ಬೆಳಕು ಹರಿಯೋ ಮುಂಚೆ ಟ್ಯಾಂಕ್ ತುಂಬ್ತೀನಿ. ಆಮೇಲೆ ನೀನು ಅಂತೀಯ, ನಾನು ಅಂತೀನಿ, ಅದೆಲ್ಲ ಬೇಡ."

ಮೂರು ತಾನೇ ಎಂದುಕೊಂಡಳು ಒತಿಲಿಯಾ. ಜೂನ್ ಕೊನೆಯಲ್ಲಿ ಅವಳೇ ಎಣಿಸಿದ್ದಳು, ಎಳೆ ಚಿಗುರುಗಳಲ್ಲಿ ಹತ್ತಕ್ಕೆ ಐದು ಆರು ಮಡಕೆ ಕಂಡಿದ್ದವು. ಧೈರ್ಯವಾಗಿ ಕೋಲು ತೆಗೆದುಕೊಂಡು ತೋಟದ ನಡುವಿಗೆ ಹೋದಳು.

ಮೂರು ಏಟು, ಬಟ್ಟೆಯ ಮೇಲೆ ಎಂಟು ಅಂಟುಹುಳ, ಕಣಜ ಒಂದೂ ಇಲ್ಲ. ಮುಂದಿನ ಮರಕ್ಕೆ ಹೋದಳು. ಒಂಬತ್ತು ಅಂಟುಹುಳ, ಕಣಜ ಇಲ್ಲ. ಇಪ್ಪತ್ತೈದು ಮರ ಬಡಿದಳು. ಭೂತಕನ್ನಡಿ ಹಿಡಿದು ಎಲೆ ಮಗುಚಿದಳು. ನಲವತ್ತು ಮರಿಗಳಲ್ಲಿ ಮಡಕೆಯಾದದ್ದು ಒಂದೇ ಒಂದು. ಯಾರಾದರೂ ಕಳ್ಳತನದಿಂದ ಔಷಧಿ ಹೊಡೆದರೇ? ಎಲೆ ಮೂಸಿದಳು, ವಾಸನೆ ಇಲ್ಲ. ಜೇಡ ಇದೆ, ಇರುವೆ ಇದೆ. ಔಷಧಿ ಬಿದ್ದಿದ್ದರೆ ಅವೂ ಇರುತ್ತಿರಲಿಲ್ಲ. ಹಾಗಾದರೆ ಎಲ್ಲಿ ಹೋದವು?

ಹೋದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೋಮವಾರ ಔಷಧಿ ಬಿದ್ದರೆ ಮೂರು ವರ್ಷದಿಂದ ಮರಳಿ ಬಂದಿದ್ದ ಕಣಜದ ಸಂತಾನ ಅಲ್ಲಿಗೆ ಮುಗಿಯಿತು. ಆರ್ವಿಡ್ ಇನ್ನೊಂದು ಮೂರು ವರ್ಷ ಕೊಡುವುದಿಲ್ಲ. ಅವನ ನಂತರ ಬರುವವರು ಯಾರೂ ಕೊಡುವುದಿಲ್ಲ, "ನದಿ ತೋಟದಲ್ಲಿ ಕೋಲಮ್ಮ ಮಾಡಿ ನೋಡಿದಳಲ್ಲ, ಆಗಲಿಲ್ಲ" ಎನ್ನುತ್ತಾರೆ. ಹದಿನಾಲ್ಕು ವರ್ಷದ ಮಾತು ಒಂದು ಟ್ಯಾಂಕಿನಲ್ಲಿ ತೊಳೆದುಹೋಗುತ್ತದೆ.

ಮಧ್ಯಾಹ್ನ ಆಳುಗಳ ಜೊತೆ ಮರದ ನೆರಳಿಗೆ ಕೂತಾಗ ಅವಳ ಡಬ್ಬಿ ಹಾಗೆಯೇ ಮುಚ್ಚಿತ್ತು. ಎಲಾದಿಯೊ ತನ್ನ ಹಸಿಮೆಣಸಿನಕಾಯಿ ಕಚ್ಚಿ ಅವಳ ಕಡೆ ನೋಡಿದ.

"ಏನು ಕೊಮಾದ್ರೆ, ಇವತ್ತು ಬೈಗುಳ ಇಲ್ಲ? ಹುಷಾರಿದೀರ ತಾನೆ?"

"ಕಣಜ ಇಲ್ಲ ಕೊಂಪಾದ್ರೆ. ನಲವತ್ತಕ್ಕೆ ಒಂದು."

"ಹುಳ ಇರೋ ಚಿಗುರನ್ನೆಲ್ಲ ನಮ್ಮ ಕೈಲಿ ಕೀಳ್ಸಿ ಹೊರಗೆ ಹಾಕ್ಸಿದ್ದು ನೀವೇ ಅಲ್ವ? ಹುಳ ಹೋದ್ಮೇಲೆ ಕಣಜ ಹೇಗಿರುತ್ತೆ? ಊಟ ಇಲ್ದಿರೋ ಮದುವೆಗೆ ಯಾರು ಬರ್ತಾರೆ?"

ಹುಡುಗರು ನಕ್ಕರು. ಒತಿಲಿಯಾ ನಗಲಿಲ್ಲ. ಅವಳ ಕೈ ಡಬ್ಬಿಯ ಮೇಲೆ ಹಾಗೆಯೇ ನಿಂತಿತು.

ವಿಷಯ ಏನೆಂದರೆ, ಪಿಯರ್ ಮರದ ನಡುವಿನಿಂದ ನೆಟ್ಟಗೆ ಮೇಲಕ್ಕೇಳುವ ಕಂಬಚಿಗುರು ಅಂಟುಹುಳಕ್ಕೆ ಬಲು ಇಷ್ಟ. ಅದಕ್ಕೇ ಜುಲೈ ಮೊದಲ ವಾರ ಅವನ್ನು ಕೈಯಿಂದ ಕಿತ್ತು ಹಾಕುವುದು ಇಲ್ಲಿನ ವಾಡಿಕೆ. ಎಲ್ಲರೂ ಕಿತ್ತದ್ದನ್ನು ಸಾಲಿನಲ್ಲೇ ಬಿಸಾಡಿ ಯಂತ್ರ ಓಡಿಸಿ ಪುಡಿ ಮಾಡುತ್ತಾರೆ. ಒತಿಲಿಯಾಗೆ ಅದು ಸರಿಬರದು. ಕಿತ್ತ ಚಿಗುರಿನಿಂದ ಮರಿಗಳು ನಡೆದು ಮತ್ತೆ ಮರ ಹತ್ತುತ್ತವೆ ಎಂದು ಅವಳ ವಾದ. ಅಂಗಳ ಗುಡಿಸಿದವಳು ಕಸವನ್ನು ಬಾಗಿಲಲ್ಲೇ ಬಿಡುತ್ತಾಳೆಯೇ? ಈ ವರ್ಷ, ಕಡೆಯ ವರ್ಷವೆಂದು ಇನ್ನಷ್ಟು ಜೋರು ಮಾಡಿ, ಒಂದು ಕಡ್ಡಿಯನ್ನೂ ಬಿಡದೆ ತುಂಬಿಸಿ ಹೊರಗೆ ಸಾಗಿಸಿದ್ದಳು. ಮರಿಗಳು ಇದ್ದದ್ದು ಆ ಚಿಗುರಿನಲ್ಲಿ. ಹಾಗಾದರೆ ಮಡಕೆಗಳು ಇದ್ದದ್ದೂ ಆ ಚಿಗುರಿನಲ್ಲೇ. ಹನ್ನೊಂದು ವರ್ಷ ಆರ್ವಿಡ್‌ಗೆ ಬುದ್ಧಿ ಹೇಳಿದವಳು ತನ್ನ ಕೈಯಾರೆ ಕಣಜದ ತೊಟ್ಟಿಲುಗಳನ್ನು ಬುಡಸಮೇತ ಕಿತ್ತು ಗಾಡಿಗೆ ತುಂಬಿಸಿದ್ದಳು.

"ಆ ಚಿಗುರು ಎಲ್ಲಿ ಹಾಕಿದ್ರಿ?" ಅವಳು ಡಬ್ಬಿ ಪಕ್ಕಕ್ಕೆ ತಳ್ಳಿದಳು.

"ಶೆಡ್ಡಿನ ಹಿಂದೆ. ಸುಡೋಕೆ."

"ಸುಟ್ರಾ?"

"ಸುಟ್ರೋ ಇಲ್ವೋ ಗೊತ್ತಿಲ್ಲ, ನಾನು ಆ ಕಡೆ ಹೋಗಿಲ್ಲ... ಅಯ್ಯೋ ಕೊಮಾದ್ರೆ, ನಿಧಾನ! ಸೊಂಟ!"

ಅವಳಾಗಲೇ ಎದ್ದು ಓಡುತ್ತಿದ್ದಳು. ಅದನ್ನು ಓಟ ಎನ್ನುವುದಾದರೆ. ಎಡಗಾಲು ಓಡುತ್ತಿತ್ತು, ಬಲಗಾಲು ಹಿಂದಿನಿಂದ ಬರುತ್ತಿತ್ತು. ಟೋಪಿ ಮೂರನೆಯ ಸಾಲಿನಲ್ಲೇ ಬಿತ್ತು. ಗುವಾದಲೂಪೆಯ ಮಾತೆಗೆ ದಾರಿಯುದ್ದಕ್ಕೂ ಹರಕೆ ಹೊತ್ತಳು. ಒಂದಲ್ಲ, ನಾಲ್ಕು ಹೊತ್ತಳು, ಅದರಲ್ಲಿ ಒಂದು ಎಲಾದಿಯೊನನ್ನು ಇನ್ನು ಬೈಯುವುದಿಲ್ಲ ಎಂದು.

ಶೆಡ್ಡಿನ ಹಿಂದೆ ತಿರುಗಿದಳು. ರಾಶಿ ಇತ್ತು.

ಆಳೆತ್ತರದ ರಾಶಿ, ಶೆಡ್ಡಿನ ಉತ್ತರದ ನೆರಳಿನಲ್ಲಿ ಹಾಗೆಯೇ ಬಿದ್ದಿತ್ತು. ಎಲೆಗಳು ಮುದುಡಿ ಒಣಗಿದ್ದವು. ಒತಿಲಿಯಾ ಮಂಡಿಯೂರಿ ಒಂದು ಚಿಗುರು ಎಳೆದು, ಭೂತಕನ್ನಡಿ ಕಣ್ಣಿಗೆ ಹಿಡಿದಳು. ಮೊದಲು ಮುದುಡಿದ ಎಲೆ ಬಿಟ್ಟರೆ ಏನೂ ಕಾಣಲಿಲ್ಲ. ಎಲೆ ಬಿಡಿಸಿ ಮತ್ತೆ ನೋಡಿದಳು. ಎಲೆಯ ಬುಡದಲ್ಲಿ ಮಡಕೆ, ಬೆನ್ನಿನ ಮೇಲೆ ದುಂಡನೆಯ ತೂತು. ಹೊರಟುಹೋಗಿತ್ತು! ಪಕ್ಕದಲ್ಲಿ ಇನ್ನೊಂದು, ಅದಕ್ಕೂ ತೂತು. ಅದರಾಚೆ ಮೂರು, ಇನ್ನೂ ಮುಚ್ಚಿದವು, ತುಂಬಿದವು. ಅವಳು ಅಲ್ಲೇ ನೆಲಕ್ಕೆ ಕೂತು, ಒಣ ಚಿಗುರನ್ನು ಮಡಿಲಲ್ಲಿ ಇಟ್ಟುಕೊಂಡು, ಗಟ್ಟಿಯಾಗಿ ನಕ್ಕಳು.

ಆಮೇಲೆ ಕೋಲು ತರಿಸಿಕೊಂಡು ಶೆಡ್ಡಿಗೆ ಹತ್ತಿರದ ಸಾಲಿನ ಮರ ಬಡಿದಳು. ಬಟ್ಟೆಯ ಮೇಲೆ ಹನ್ನೊಂದು ಕಣಜ ಉದುರಿ, ಎಣಿಸಿ ಮುಗಿಸುವ ಮುನ್ನವೇ ಹಾರಿಹೋದವು. ರಾಶಿಯಿಂದ ಎದ್ದವು ಹತ್ತಿರದ ಮರಗಳಿಗೆ ಬಂದಿದ್ದವು. ತೋಟದ ನಡುವಿಗೆ ಇನ್ನೂ ತಲುಪಿರಲಿಲ್ಲ ಅಷ್ಟೆ.

"ಕೊಂಪಾದ್ರೆ, ಈ ರಾಶಿ ಎಲ್ಲ ಮತ್ತೆ ತೋಟಕ್ಕೆ ಹೋಗಬೇಕು. ಒಂದೊಂದು ಮರದ ಕವಲಿಗೂ ಒಂದೊಂದು ಹಿಡಿ."

ಎಲಾದಿಯೊ ಟೋಪಿ ತೆಗೆದು, ರಾಶಿ ನೋಡಿ, ಅವಳನ್ನು ನೋಡಿ, ಟೋಪಿ ಮತ್ತೆ ಹಾಕಿಕೊಂಡ.

"ಎರಡು ವಾರದ ಹಿಂದೆ ಒಂದು ಕಡ್ಡಿ ಬಿಟ್ರೂ ಕೈ ಮುರೀತೀನಿ ಅಂದ್ರಿ."

"ಅಂದೆ."

"ಈಗ ಒಂದು ಕಡ್ಡಿ ಬಿಡದೆ ವಾಪಸ್ ಇಡಬೇಕು."

"ಹೌದು."

"ಆಮೇಲೆ ಮತ್ತೆ ತೆಗಿಸ್ತೀರ?"

"ಈಗ ಬೈದ್ರೆ ಮಾತೆ ಹತ್ರ ಹರಕೆ ತಪ್ಪತ್ತೆ, ಸುಮ್ನೆ ಎತ್ತಿ."

ಎರಡು ದಿನ ಹಿಡಿಯಿತು. ತೋಟದಿಂದ ಕಸ ಹೊರಗೆ ಹೋಗುವುದನ್ನು ನೋಡಿದವರಿದ್ದಾರೆ, ಕಸವನ್ನು ಗಾಡಿಯಲ್ಲಿ ತಂದು ಮರಕ್ಕೆ ಮುಡಿಸುವುದನ್ನು ಕಣಿವೆಯಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. ರಸ್ತೆಯಲ್ಲಿ ಹೋಗುವವರು ಗಾಡಿ ನಿಧಾನ ಮಾಡಿ ನೋಡಿದರು. ಶನಿವಾರ ಸಂಜೆ ಕೊನೆಯ ಹಿಡಿ ಇಟ್ಟ ಮೇಲೆ ಎಲಾದಿಯೊ ಅವಳ ಹತ್ತಿರ ಬಂದು ದನಿ ತಗ್ಗಿಸಿದ.

"ಕೊಮಾದ್ರೆ, ಒಂದು ಮಾತು. ಮುದುಕನಿಗೆ ಈ ತೂಗುಹಾಕಿರೋ ಚಿಗುರನ್ನೇ ತೋರ್ಸಿ. ಇದರಲ್ಲಿ ಎಣಿಸಿದ್ರೆ ಹತ್ತಕ್ಕೆ ಮೂರಲ್ಲ, ಆರು ಬರುತ್ತೆ. ಅವರಿಗೇನು ಗೊತ್ತಾಗತ್ತೆ?"

ಒತಿಲಿಯಾ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ರಾತ್ರಿ ಊಟ ಮಾಡುವಾಗಲೂ ಯೋಚಿಸಿದಳು. ಗೆದ್ದರೆ ಗೆದ್ದಂತೆ, ಯಾರಿಗೂ ನಷ್ಟವಿಲ್ಲ. ಆದರೆ ಹದಿನಾಲ್ಕು ವರ್ಷದಿಂದ ಅವಳ ಎಣಿಕೆಯನ್ನು ಆರ್ವಿಡ್ ಬೈದಿದ್ದಾನೆ, ಕಿರುಚಿದ್ದಾನೆ, ಚೀಟಿಯನ್ನು ನೆಲಕ್ಕೆ ಬಿಸಾಡಿದ್ದಾನೆ. ಸುಳ್ಳು ಎಂದು ಮಾತ್ರ ಒಮ್ಮೆಯೂ ಅಂದಿಲ್ಲ.

ಭಾನುವಾರ ಅವನು ಟೈ ಕಟ್ಟಿಕೊಂಡೇ ಬಂದ. ಓದುವ ಕನ್ನಡಕ ಹಣೆಯ ಮೇಲಿತ್ತು.

"ಎಷ್ಟು?"

"ನಲವತ್ತಕ್ಕೆ ಒಂದು."

ಆರ್ವಿಡ್ ಟೈಯ ಗಂಟು ಸಡಿಲಿಸಿದ. ಅವಳ ಕೈ ಕುಲುಕಿ ಹೋಗಲು ಬಂದವನಂತೆ ನಿಂತ.

"ತಪ್ಪು ನಂದು" ಎಂದಳು ಒತಿಲಿಯಾ. "ಮಡಕೆ ಇರೋ ಚಿಗುರನ್ನೆಲ್ಲ ನಾನೇ ಕೀಳ್ಸಿ ಹೊರಗೆ ಹಾಕ್ಸಿದೆ. ಕ್ಲೀನ್ ಮಾಡ್ತೀನಿ ಅಂತ ಹೋಗಿ ಮನೇನೇ ಖಾಲಿ ಮಾಡ್ದೆ. ನಿಮ್ಮ ಲೆಕ್ಕದ ಪ್ರಕಾರ ನಾನು ಸೋತೆ. ನಾಳೆ ಔಷಧಿ ಹೊಡೆಯೋದು ನಿಮಗೆ ಬಿಟ್ಟಿದ್ದು. ಆದ್ರೆ ಹೊಡೆಯೋ ಮುಂಚೆ ಒಂದು ಸಲ ಇಲ್ಲಿ ಬನ್ನಿ."

ಮರದ ಕವಲಿನಲ್ಲಿ ಸಿಕ್ಕಿಸಿದ್ದ ಒಂದು ಒಣ ಚಿಗುರನ್ನು ಅವನ ಕೈಗೆ ಕೊಟ್ಟು, ಭೂತಕನ್ನಡಿಯನ್ನು ಅವನ ಕಣ್ಣಿಗೆ ಹಿಡಿಸಿದಳು. ಬೆಳಗ್ಗೆಯಿಂದ ಹುಡುಕಿ ಆರಿಸಿಟ್ಟಿದ್ದಳು, ಬೆನ್ನು ತೆಳುವಾಗಿ ಕಪ್ಪಾಗಿದ್ದ ಮಡಕೆ. ಆರ್ವಿಡ್ ಕನ್ನಡಕ ಇಳಿಸಿಕೊಂಡು ಬಗ್ಗಿದ. ನದಿಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಐದು ನಿಮಿಷವಾಯಿತು. "ಏನೂ ಆಗ್ತಿಲ್ಲ" ಎಂದ. ಒತಿಲಿಯಾ ಅವನ ಕೈಯಲ್ಲಿದ್ದ ಚಿಗುರನ್ನು ಬೆಳಕಿನ ಕಡೆಗೆ ತಿರುಗಿಸಿದಳು. ಇನ್ನೈದು ನಿಮಿಷವಾಯಿತು. ಆಮೇಲೆ ಅವನ ಬಾಯಿಂದ ಯಾವ ಭಾಷೆಯದೂ ಅಲ್ಲದ ಒಂದು ಸದ್ದು ಹೊರಟಿತು.

ಮಡಕೆಯ ಬೆನ್ನಿನಲ್ಲಿ ಒಂದು ಬಿರುಕು ದುಂಡಗೆ ಸುತ್ತಿ ಬಂತು. ಒಂದು ತಲೆ, ನಡುಗುವ ಎರಡು ಮೀಸೆ, ಮುಂಗಾಲು. ಹೊರಗೆ ಬಂದ ಕಣಜ ಮೈ ಕೊಡವಿ, ರೆಕ್ಕೆ ಒರೆಸಿಕೊಂಡು, ಎಲೆಯ ಅಂಚಿನಿಂದ ಅವನ ಹೆಬ್ಬೆರಳಿಗೆ ಹತ್ತಿತು. ಐವತ್ತು ವರ್ಷ ಔಷಧಿಯ ಟ್ಯಾಂಕ್ ಹಿಡಿದ ಹೆಬ್ಬೆರಳು ಅದು, ಒರಟು, ಬಿರುಕುಬಿಟ್ಟದ್ದು. ಅವನು ಅದನ್ನು ಅಲ್ಲಾಡಿಸಲಿಲ್ಲ. ಉಸಿರನ್ನೂ ಪಕ್ಕಕ್ಕೆ ಬಿಟ್ಟ.

"ನಾಳೆ ಬೆಳಗ್ಗೆ ಇದು ಎಲ್ಲಿರುತ್ತೆ?" ಎಂದು ಪಿಸುಗುಟ್ಟಿದ.

"ಇಲ್ಲೇ. ಎಲ್ಲಿಗೆ ಹೋಗತ್ತೆ ಪಾಪ."

ಕಣಜ ಹಾರಿತು. ಆರ್ವಿಡ್ ಬೆನ್ನು ನೆಟ್ಟಗೆ ಮಾಡಿ, ಕನ್ನಡಕ ಹಣೆಗೇರಿಸಿ, ಬೆಟ್ಟದ ಕಡೆ ನೋಡಿದ.

"ಆ ರಾಶಿ ಶೆಡ್ಡಿನ ಹಿಂದೆ ಇದ್ದಿದ್ದಾ?"

"ಹೌದು."

"ಟಿಲ್ಲಿ, ಅದಕ್ಕೆ ಬೆಂಕಿ ಹಾಕೋಕೆ ನಾನು ಎರಡು ಸಲ ಹೋಗಿದ್ದೆ. ಬೆಟ್ಟಕ್ಕೆ ಬೆಂಕಿ ಬೀಳತ್ತೆ ಅಂತ ಈ ವರ್ಷ ಜೂನಲ್ಲೇ ಏನೂ ಸುಡಬಾರ್ದು ಅಂದ್ರಲ್ಲ, ಬೆಂಕಿ ಇಲಾಖೆಯೋರಿಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದಿದೀನಿ. ನನ್ನ ಕಸ ಸುಡೋಕೆ ನಿಮ್ಮಪ್ಪನ ಅಪ್ಪಣೆ ಬೇಕಾ ಅಂತ." ಅವನ ಕಿವಿ ಕೆಂಪಾಗಿತ್ತು. "ಅಪ್ಪಣೆ ಕೊಟ್ಟಿದ್ರೆ ಅವತ್ತೇ ಮುಗೀತಿತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಒತಿಲಿಯಾ. ಆಮೇಲೆ ಆರ್ವಿಡ್ ನಕ್ಕ, ಟೈಯಲ್ಲೇ ಕಣ್ಣು ಒರೆಸಿಕೊಂಡ. ಮೂವತ್ತೊಂಬತ್ತು ವರ್ಷದಲ್ಲಿ ಅವನು ಹಾಗೆ ನಕ್ಕದ್ದನ್ನು ಅವಳು ಕಂಡಿರಲಿಲ್ಲ. ನಗು ನಿಂತ ಮೇಲೆ ಜೇಬಿನಿಂದ ಔಷಧಿ ಗಾಡಿಯ ಬೀಗದ ಕೈ ತೆಗೆದು ಅವಳ ಕೈಯಲ್ಲಿ ಹಾಕಿದ.

"ಎರಡು ವಾರ ನೀನೇ ಇಟ್ಕೋ. ನನ್ನ ಹತ್ರ ಇದ್ರೆ ನನಗೇ ನಂಬಿಕೆ ಇಲ್ಲ. ಆದ್ರೆ ಅಂಟಿಗೆ ಏನಾದ್ರೂ ಮಾಡು."

"ಮೇಲಿಂದ ನೀರು ಬಿಟ್ಟು ತೊಳೀರಿ. ತೊಳೆದ್ರೆ ಹಣ್ಣು ಉಳಿಯತ್ತೆ. ಉಳಿದಿದ್ದು ಇವು ನೋಡ್ಕೊಳ್ತವೆ."

ಎರಡು ವಾರ ತುಂಬಿದ ದಿನ ತೋಟದ ನಡುವಿನಲ್ಲಿ, ಮರದ ಮೇಲೆಯೇ ಇದ್ದ ಎಲೆಗಳಲ್ಲಿ, ಹತ್ತಕ್ಕೆ ನಾಲ್ಕು ಮಡಕೆ ಸಿಕ್ಕವು. ಒಣ ಚಿಗುರಿನದನ್ನು ಅವಳು ಎಣಿಸಲಿಲ್ಲ. ಆಗಸ್ಟ್‌ನಲ್ಲಿ ಐದಾಯಿತು, ಆಮೇಲೆ ಎಣಿಸಲು ಮರಿಗಳೇ ಸಿಗುವುದು ಕಷ್ಟವಾಯಿತು. ಮೇಲಿನ ತೋಟಕ್ಕೆ ಆರ್ವಿಡ್ ಎರಡನೆಯ ಸಲ ಔಷಧಿ ಹೊಡೆಯಬೇಕೆಂದು ಬೀಗದ ಕೈ ಕೇಳಿದ. "ಎಲ್ಲಿಟ್ಟೆ ಅಂತ ನೆನಪಾಗ್ತಿಲ್ಲ" ಎಂದಳು ಒತಿಲಿಯಾ. ಅವನು ಗೊಣಗುತ್ತ ಹೋದವನು ಮತ್ತೆ ಕೇಳಲಿಲ್ಲ. ಅದು ಅವಳ ಏಪ್ರನ್ ಜೇಬಿನಲ್ಲೇ ಇತ್ತು, ನಡೆದಾಗ ಸದ್ದೂ ಮಾಡುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ನದಿ ತೋಟದ ಕೊಯ್ಲು ಶುರುವಾಯಿತು. ಮೊದಲ ದಿನ ಮಧ್ಯಾಹ್ನ ಒತಿಲಿಯಾ ಅಡುಗೆ ಮಾಡಿ ಎಲ್ಲರಿಗೂ ತಂದಿದ್ದಳು. ಅದು ನಾಲ್ಕು ಹರಕೆಗಳಲ್ಲಿ ಒಂದು. ಬೈಯುವುದಿಲ್ಲ ಎಂಬ ಹರಕೆ ಆಗಲೇ ಮುರಿದು ತಿಂಗಳಾಗಿತ್ತು. ನೆರಳಿನಲ್ಲಿ ಬಟ್ಟೆ ಹಾಸಿ, ಬಿಸಿ ತೊರ್ತಿಯಾ ಸುತ್ತಿಟ್ಟು, ಕೈ ತೊಳೆಯಲು ಎಂದಿನಂತೆ ಒಂದು ಬಕೆಟ್ ನೀರು, ನಿಂಬೆ, ಉಪ್ಪು ಇಟ್ಟಳು. ಎಲಾದಿಯೊ ಏಣಿಯಿಂದ ಇಳಿದು, ಚೀಲ ಖಾಲಿ ಮಾಡಿ ಬಂದ. ಬಕೆಟ್ ಕಡೆಗೆ ಹೋಗದೆ ನೇರವಾಗಿ ಬಂದು ಕೂತು ತೊರ್ತಿಯಾಗೆ ಕೈ ಹಾಕಿದ.

"ಕೈ ತೊಳೀರಿ ಕೊಂಪಾದ್ರೆ! ಎಷ್ಟು ವರ್ಷ ಹೇಳ್ಬೇಕು ನಿಮಗೆ, ಹಂದಿ ತರ..."

"ಬೈಬೇಡಿ, ಮೊದಲು ನೋಡಿ."

ಅವನು ಎರಡೂ ಅಂಗೈಯನ್ನು ಅವಳ ಮುಂದೆ ಬಿಚ್ಚಿ ಹಿಡಿದ. ಬೆಳಗ್ಗೆಯಿಂದ ಐದು ಮರದ ಹಣ್ಣು ಕಿತ್ತಿದ್ದ ಕೈಗಳು. ಒಂದಿಷ್ಟು ಧೂಳಿತ್ತು. ಅಂಟಿರಲಿಲ್ಲ, ಕಪ್ಪಿರಲಿಲ್ಲ. ಉಗುರಿನ ಸಂದಿಯೂ ಬೆಳ್ಳಗಿತ್ತು. ಹಿಂದಿನಿಂದ ಹುಡುಗರೂ ಒಬ್ಬೊಬ್ಬರಾಗಿ ಕೈ ಚಾಚಿ ತೋರಿಸಿದರು, ಶಾಲೆಯಲ್ಲಿ ಟೀಚರ್‌ಗೆ ತೋರಿಸುವ ಹಾಗೆ.

ಒತಿಲಿಯಾ ಎಲಾದಿಯೊನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಭೂತಕನ್ನಡಿ ಹಚ್ಚಿ, ಐದು ಬೆರಳನ್ನೂ ಒಂದೊಂದಾಗಿ ನೋಡಿದಳು. ಕನ್ನಡಿ ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದಳು.

"ಮಾರಿಸೆಲಾಗೆ ನವೆಂಬರ್‌ನಲ್ಲಿ ಹೆರಿಗೆ ಅಲ್ವ?" ಎಂದ ಎಲಾದಿಯೊ. "ಈ ಸಲದ ಜ್ಞಾನಸ್ನಾನದ ಫೋಟೋದಲ್ಲಿ ನೀವೂ ಕೈ ಹೊರಗೆ ಇಟ್ಕೊಂಡು ನಿಲ್ಲಿ."

ಅವಳು ಬಕೆಟ್ಟಿನ ನೀರನ್ನು ಪಿಯರ್ ಮರದ ಬುಡಕ್ಕೆ ಚೆಲ್ಲಿ, ಬಂದು ಅವನ ಪಕ್ಕದಲ್ಲಿ ಊಟಕ್ಕೆ ಕೂತಳು.